ನಾಟಕದ ಮಾತು ನೆನಪಿರುತ್ತದೆ, ಮನೆಯ ಕೆಲಸ ಯಾಕೆ ಮರೆಯುತ್ತದೆ? ಎಡಿಎಚ್‌ಡಿ ಇರಬಹುದಾದ ತಾಯಿಯೊಬ್ಬರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ತವರು ಗದಗ, ಮದುವೆಯಾಗಿ ಬಂದದ್ದು ಹುಬ್ಬಳ್ಳಿಗೆ. ಕಾಲೇಜಿನಲ್ಲಿ ನಾಟಕದ ಹುಚ್ಚಿತ್ತು, ಆಮೇಲೆ ಬಿಟ್ಟುಹೋಯಿತು. ನಡುವೆ ನಾಲ್ಕಾರು ಕೆಲಸ ಹಿಡಿದೆ, ಯಾವುದರಲ್ಲೂ ನಿಲ್ಲಲಿಲ್ಲ. 37ನೇ ವಯಸ್ಸಿಗೆ ಧಾರವಾಡದ ಒಂದು ಹವ್ಯಾಸಿ ತಂಡ ಸೇರಿದೆ. ಈಗ ಒಳ್ಳೆಯ ಪಾತ್ರ ಸಿಗುತ್ತಿವೆ. ಒಂದು ಧಾರಾವಾಹಿಯಲ್ಲಿ ಸಣ್ಣ ಪಾತ್ರವಿದೆ, ಅದಕ್ಕಾಗಿ ಆಗಾಗ ಬೆಂಗಳೂರಿಗೆ ಹೋಗುತ್ತೇನೆ. ಮಗನಿಗೆ 9 ವರ್ಷ. ಅವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ) ಇದೆ ಅಂತ ಈಚೆಗೆ ಗೊತ್ತಾಯಿತು. ಡಾಕ್ಟರು ಅವನ ಬಗ್ಗೆ ಕೇಳಿದ ಪ್ರಶ್ನೆಗಳೆಲ್ಲ ನನ್ನನ್ನೇ ಕೇಳಿದ ಹಾಗಿದ್ದವು. ಎರಡು ತಾಸಿನ ನಾಟಕದಲ್ಲಿ ನಾನು ಒಂದು ಮಾತೂ ತಪ್ಪುವುದಿಲ್ಲ. ಆದರೆ ಧಾರಾವಾಹಿಯ ಸೆಟ್‌ನಲ್ಲಿ ಆಗಷ್ಟೇ ಕೊಟ್ಟ ನಾಲ್ಕು ಸಾಲು ತಲೆಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಹಾಲು ಇಟ್ಟು ಮರೆಯುತ್ತೇನೆ. ಕಳೆದ ತಿಂಗಳು ತಾಲೀಮಿನಲ್ಲಿದ್ದಾಗ ಮಗನನ್ನು ಶಾಲೆಯಿಂದ ಕರೆತರುವುದನ್ನೇ ಮರೆತೆ. ಅವನು ಗೇಟಿನ ಹತ್ತಿರ ವಾಚ್‌ಮನ್ ಜೊತೆ ಒಂದು ತಾಸು ಕೂತಿದ್ದ. ಅತ್ತೆ, "ನಾಟಕದ ಮಾತು ನೆನಪಿರ್ತಾವ, ಹಡದ ಮಗನ ನೆನಪಿರೂದಿಲ್ಲೇನು?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಗನಿಗೆ ನನ್ನಿಂದಲೇ ಬಂತಾ? ಈ ವಯಸ್ಸಿನಲ್ಲಿ ತೋರಿಸಿಕೊಂಡು ಏನು ಪ್ರಯೋಜನ? ಮಾತ್ರೆ ತೆಗೆದುಕೊಂಡರೆ ನಟನೆ ಹೋಗಿಬಿಡುತ್ತದಾ? ಅಥವಾ ನಟನೆಯನ್ನೇ ಬಿಟ್ಟು ಮನೆ ನೋಡಿಕೊಳ್ಳಬೇಕಾ?

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ನಿಮಗೆ ಚುಚ್ಚುಮಾತಾಗಿ ಕೇಳಿಸಿರಬಹುದು. ಆದರೆ ಇಡೀ ಪತ್ರದಲ್ಲಿ ಮುಖ್ಯವಾದ ಪ್ರಶ್ನೆ ಅದೇ. ಅದಕ್ಕೆ ಉತ್ತರ ಸಿಗದೆ ಎಷ್ಟೋ ಮನೆಗಳಲ್ಲಿ "ಬೇಕಂತಲೇ ಮಾಡ್ತಾಳೆ" ಅಂತ ತೀರ್ಮಾನವಾಗಿಬಿಡುತ್ತದೆ. ಕೊನೆಗೆ ಹೆಣ್ಣುಮಗಳೂ ಅದನ್ನೇ ನಂಬಿಬಿಡುತ್ತಾಳೆ.

ನಾಟಕದ ಮಾತು ನಿಮ್ಮ ತಲೆಗೆ ಹೇಗೆ ಹೋಗಿದೆ ನೋಡಿ. ವಾರಗಟ್ಟಲೆ ತಾಲೀಮು. ಅದೇ ಮಾತು, ಅದೇ ಜಾಗ, ಅದೇ ನಾಲ್ಕು ಹೆಜ್ಜೆ. ಎದುರಿನವರು ಒಂದು ಮಾತು ಮುಗಿಸುತ್ತಿದ್ದಂತೆ ನಿಮ್ಮ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಬೆಳಕು ಬದಲಾದರೆ ಎಲ್ಲಿ ನಿಲ್ಲಬೇಕೆಂದು ಕಾಲಿಗೇ ಗೊತ್ತು. ತಪ್ಪಿದರೆ ಮಾತು ನೆನಪಿಸಲು ಪಕ್ಕದಲ್ಲಿ ಪ್ರಾಂಪ್ಟರ್ ಇದ್ದಾರೆ. ಎದುರಿಗೆ ಜನ ಕೂತಿದ್ದಾರೆ, ತಪ್ಪಿದ್ದು ಆ ಕ್ಷಣವೇ ಗೊತ್ತಾಗುತ್ತದೆ. ಗರುಡ ಸದಾಶಿವರಾಯರ ನಾಟಕ ಕಂಪನಿ ಕಂಡ ಗದಗಿನವರು ನೀವು. ಬೆಲ್ಲು, ಪರದೆ, ಪ್ರಾಂಪ್ಟರ್, ಇವೆಲ್ಲ ಸೇರಿ ಒಬ್ಬ ನಟನನ್ನು ಹೇಗೆ ಹಿಡಿದು ನಿಲ್ಲಿಸುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮಗನನ್ನು ಕರೆತರುವುದು ಬೇರೆಯೇ ಥರದ ನೆನಪು. ಅಲ್ಲಿ ವಿಷಯ ಗೊತ್ತಿದ್ದರೆ ಸಾಲದು. ಸರಿಯಾಗಿ ಮೂರೂವರೆಗೆ, ಬೇರೇನೋ ಮಾಡುತ್ತಿರುವಾಗ, ಯಾರೂ ಹೇಳದೆ ಅದು ತಾನಾಗಿ ತಲೆಗೆ ಬರಬೇಕು. ಮುಂದೆ ಮಾಡಬೇಕಾದ್ದನ್ನು ಆಯಾ ಹೊತ್ತಿಗೆ ನೆನೆಯುವ ಈ ಶಕ್ತಿಯೇ ಎಡಿಎಚ್‌ಡಿ ಇರುವವರಲ್ಲಿ ಬಹಳ ಕಡಿಮೆ. ಎಷ್ಟು ಹೊತ್ತಾಯಿತು ಅನ್ನುವ ಅಂದಾಜೂ ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಆ ದಿನ ಮಧ್ಯಾಹ್ನ ನಿಮ್ಮನ್ನು ಯಾರಾದರೂ "ಮಗನ ಶಾಲೆ ಎಷ್ಟಕ್ಕೆ ಬಿಡ್ತದ?" ಅಂತ ಕೇಳಿದ್ದರೆ ತಕ್ಷಣ ಹೇಳುತ್ತಿದ್ದಿರಿ. ಹೇಳುತ್ತಲೇ ಎದ್ದು ಓಡುತ್ತಿದ್ದಿರಿ. ಆದರೆ ಕೇಳುವವರು ಯಾರೂ ಇರಲಿಲ್ಲ. ಇದಕ್ಕೂ ಪ್ರೀತಿಗೂ ಸಂಬಂಧವಿಲ್ಲ. ಮಕ್ಕಳ ಮೇಲೆ ಜೀವ ಇಟ್ಟುಕೊಂಡ ತಾಯಂದಿರು, ತಂದೆಯರು ಇದೇ ಕಥೆಯನ್ನು ನನ್ನೆದುರು ಕೂತು ಅಳುತ್ತಾ ಹೇಳಿದ್ದಾರೆ.

ಸೆಟ್‌ನಲ್ಲಿ ನಾಲ್ಕು ಸಾಲು ನಿಲ್ಲುವುದಿಲ್ಲ ಅಂದಿರಲ್ಲ, ಆ ಒಂದು ಮಾತು ನನಗೆ ಬಹಳ ಹೇಳಿತು. ನಾಟಕ ಬರುತ್ತದೆ, ಧಾರಾವಾಹಿ ಬರುವುದಿಲ್ಲ ಅಂದರೆ ಅದು ಪ್ರತಿಭೆಯ ಕೊರತೆಯಲ್ಲ. ಆಗಷ್ಟೇ ಕೇಳಿದ್ದನ್ನು ಕೆಲವು ಕ್ಷಣ ತಲೆಯಲ್ಲಿ ಹಿಡಿದುಕೊಂಡು, ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡುವ ಶಕ್ತಿಯನ್ನು ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಎಡಿಎಚ್‌ಡಿಯಲ್ಲಿ ಇದೂ ಹೆಚ್ಚಾಗಿ ಕಡಿಮೆ. ತಾಲೀಮಿನಿಂದ ಗಟ್ಟಿಯಾದ ನೆನಪಿಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಹಾಲಿನ ವಿಷಯವೂ ಇದೇ. ಪಾತ್ರೆ ಇಡುತ್ತೀರಿ. ಅಷ್ಟರಲ್ಲಿ ಮಗ "ಅವ್ವಾ, ನನ್ನ ಬೆಲ್ಟ್ ಎಲ್ಲೈತಿ?" ಅನ್ನುತ್ತಾನೆ. ಬೆಲ್ಟ್ ಹುಡುಕಲು ಹೋದವರಿಗೆ ಕಪಾಟಿನಲ್ಲಿ ಇಸ್ತ್ರಿಗೆ ಕೊಡಬೇಕಾದ ಸೀರೆ ಕಾಣುತ್ತದೆ. ಸೀರೆ ಹೊರಗೆ ತೆಗೆಯುವಾಗ ಫೋನ್ ಬಡಿಯುತ್ತದೆ, ತಾಲೀಮಿನ ಸಮಯ ಬದಲಾಗಿದೆ. ಆ ಹೊತ್ತಿಗೆ ಹಾಲು ತಲೆಯಿಂದ ಪೂರ್ತಿ ಜಾರಿಹೋಗಿರುತ್ತದೆ. ಸುಟ್ಟ ವಾಸನೆ ಬಂದಾಗಲೇ ಅದು ವಾಪಸ್ ಬರುವುದು. ಬೆಲ್ಟ್ ಮಾತ್ರ ಸಿಕ್ಕಿರುವುದಿಲ್ಲ.

ಇಷ್ಟು ಓದಿ "ಹಾಗಾದರೆ ನನಗೆ ಎಡಿಎಚ್‌ಡಿ ಇರುವುದು ಖಚಿತ" ಅಂದುಕೊಳ್ಳಬೇಡಿ. ನಿಮ್ಮ ಪತ್ರ ಓದಿದರೆ ಆ ಸಾಧ್ಯತೆ ಗಟ್ಟಿಯಾಗಿ ಕಾಣುತ್ತದೆ, ನಿಜ. ಆದರೆ ಪತ್ರ ನೋಡಿ ಯಾವ ವೈದ್ಯರೂ ಇದನ್ನು ಹೇಳಲಾಗದು, ಹೇಳಲೂಬಾರದು.

ಯಾಕೆಂದರೆ 41ನೇ ವಯಸ್ಸಿನಲ್ಲಿ ಮರೆವು ಬರಲು ಬೇರೆ ಕಾರಣಗಳು ಬಹಳ ಇವೆ. ಥೈರಾಯ್ಡ್ ಕಡಿಮೆಯಾದರೆ ಹೀಗಾಗುತ್ತದೆ. ರಕ್ತಹೀನತೆ, ಬಿ12 ಕೊರತೆ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಅದರಿಂದಲೂ ಆಗುತ್ತದೆ. ಖಿನ್ನತೆ, ಆತಂಕ ಇದ್ದರೂ ಗಮನ ನಿಲ್ಲುವುದಿಲ್ಲ. ರಾತ್ರಿ ಪ್ರಯೋಗ ಮುಗಿಸಿ ಎರಡು ಗಂಟೆಗೆ ಮಲಗಿ ಆರಕ್ಕೆ ಎದ್ದು ಡಬ್ಬಿ ಕಟ್ಟುವವರಿಗೆ ಎಡಿಎಚ್‌ಡಿ ಇಲ್ಲದೆಯೂ ಹಾಲು ಉಕ್ಕುತ್ತದೆ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಹಾರ್ಮೋನು ಏರುಪೇರಾದಾಗಲೂ ಮರೆವು ಕಾಣಿಸಿಕೊಳ್ಳುತ್ತದೆ. ಮೊದಲೇ ಎಡಿಎಚ್‌ಡಿ ಇದ್ದವರಿಗೆ ಆ ಕಾಲದಲ್ಲಿ ಅದು ಇನ್ನಷ್ಟು ಕಾಡುತ್ತದೆ. ಕೆಲವರಿಗೆ ಮುಟ್ಟಿನ ಹಿಂದಿನ ದಿನಗಳಲ್ಲೂ ಹೀಗೇ ಆಗುತ್ತದೆ.

ಇವುಗಳಿಂದ ಎಡಿಎಚ್‌ಡಿಯನ್ನು ಬೇರ್ಪಡಿಸುವುದು ನಿಮ್ಮ ಬಾಲ್ಯ. ಅದು ನಲವತ್ತಕ್ಕೆ ಹೊಸದಾಗಿ ಶುರುವಾಗುವುದಿಲ್ಲ. ಮೊದಲು 7 ವರ್ಷದೊಳಗೇ ಲಕ್ಷಣ ಕಂಡಿರಬೇಕು ಎಂಬ ನಿಯಮವಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಮ್-5 ಅದನ್ನು 12 ವರ್ಷಕ್ಕೆ ಏರಿಸಿತು. ಲಕ್ಷಣಗಳು ಮನೆ, ಶಾಲೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ತೊಂದರೆ ಕೊಡುತ್ತಿರಬೇಕು. ಹಾಗಾಗಿ ಒಳ್ಳೆಯ ವೈದ್ಯರು ನಿಮ್ಮ ಇವತ್ತಿನ ಕಷ್ಟಕ್ಕಿಂತ ನಾಲ್ಕನೇ ಕ್ಲಾಸಿನ ನಿಮ್ಮ ಬಗ್ಗೆ ಜಾಸ್ತಿ ಕೇಳುತ್ತಾರೆ.

"ಹಾಗಿದ್ದರೆ ಶಾಲೆಯಲ್ಲಿ ಯಾರಿಗೂ ಯಾಕೆ ಗೊತ್ತಾಗಲಿಲ್ಲ?" ಅಂತ ನೀವು ಕೇಳಬಹುದು. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗ ಮಾಸ್ತರರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಹೊರಗೆ ನೋಡುತ್ತಾ, ತನ್ನದೇ ಲೋಕದಲ್ಲಿ ಸುಮ್ಮನೆ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಿಎಚ್‌ಡಿಯಲ್ಲಿ ಚಡಪಡಿಕೆ ಹೆಚ್ಚಿರುವ ಬಗೆಯಿದೆ, ಗಮನದ ಕೊರತೆಯೇ ಹೆಚ್ಚಿರುವ ಬಗೆಯಿದೆ, ಎರಡೂ ಕೂಡಿದ್ದಿದೆ. ಹೆಣ್ಣುಮಕ್ಕಳಲ್ಲಿ ಗಮನದ ಕೊರತೆಯ ಬಗೆ ಹೆಚ್ಚು ಕಾಣುತ್ತದೆ, ಆಸ್ಪತ್ರೆಗೆ ಬರುವುದು ಮಾತ್ರ ಗಂಡುಮಕ್ಕಳೇ ಹೆಚ್ಚು. ಬುದ್ಧಿ ಚುರುಕಾಗಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುತ್ತಾರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಮದುವೆ, ಮಗು, ಮನೆ, ಕೆಲಸ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ ಹಳೆಯ ಉಪಾಯಗಳು ಸಾಲುವುದಿಲ್ಲ. ಮಗುವನ್ನು ತೋರಿಸಲು ಬಂದ ತಾಯಿ ಅಥವಾ ತಂದೆ ತಮ್ಮದನ್ನೂ ಕಂಡುಕೊಳ್ಳುವುದು ನಮ್ಮ ಓಪಿಡಿಯಲ್ಲಿ ಮಾಮೂಲು.

ಇದು ಹೊಸ ಕಾಲದ ಕಾಯಿಲೆ, ಮೊಬೈಲ್ ತಂದದ್ದು ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಮೊಬೈಲ್ ಜಾಸ್ತಿಯಾದರೆ ನಿದ್ದೆ ಕೆಡುತ್ತದೆ, ಇರುವ ಗಮನವೂ ಚದುರುತ್ತದೆ, ಅದನ್ನು ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಎಡಿಎಚ್‌ಡಿ ಹುಟ್ಟುವುದು ಅದರಿಂದಲ್ಲ. ಸಕ್ಕರೆಯಿಂದಲೂ ಅಲ್ಲ, ತಾಯಿ ಮುದ್ದು ಮಾಡಿದ್ದರಿಂದಲೂ ಅಲ್ಲ. ತಾಯಿ ನಾಟಕಕ್ಕೆ ಹೋಗಿದ್ದರಿಂದ ಮಗನಿಗೆ ಬಂತು ಅಂತ ಯಾರಾದರೂ ಅಂದರೆ ಆ ಮಾತನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟುಬಿಡಿ.

ವಂಶದ ವಿಷಯ ಬೇರೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರಿಂದ ಜನರಿಗೆ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 70ರಿಂದ 80ರಷ್ಟು ಅದರದ್ದೇ. ಇದರರ್ಥ ಮಗನಿಗೆ ಶೇಕಡಾ 80ರಷ್ಟು ನಿಮ್ಮಿಂದ ಬಂದಿದೆ ಅಂತಲ್ಲ. ಒಂದು ವಂಶವಾಹಿಯಿಂದ ಬರುವುದೂ ಅಲ್ಲ, ಸಾವಿರಾರು ಸಣ್ಣ ಪ್ರಭಾವಗಳು ಸೇರಿ ಆಗುವುದು. ಅವು ತಂದೆಯ ಕಡೆಯಿಂದಲೂ ಬಂದಿರುತ್ತವೆ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ತೂಕ ಕಡಿಮೆಯಿರುವುದು ಇವೂ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮಗನ ಮೂಗು ಯಾರ ಹಾಗಿದೆ ಅಂತ ಮನೆಯಲ್ಲಿ ಮಾತಾಡುತ್ತೇವೆ, ಯಾರನ್ನೂ ಅಪರಾಧಿ ಮಾಡುವುದಿಲ್ಲ ಅಲ್ವಾ? ಇದನ್ನೂ ಹಾಗೇ ನೋಡಿ. ಅಪರಾಧಿ ಭಾವನೆಯಿಂದ ನಿಮ್ಮ ಮಗನಿಗೆ ನಯಾಪೈಸೆಯ ಉಪಯೋಗವಿಲ್ಲ. ನಿಮಗೂ ಇದೆ ಅಂತ ಖಚಿತವಾದರೆ ಮಾತ್ರ ಅವನಿಗೆ ದೊಡ್ಡ ಲಾಭವಿದೆ, ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕಾರು ಕೆಲಸ ಹಿಡಿದು ಬಿಟ್ಟದ್ದಕ್ಕೆ ನಿಮಗೆ ನಾಚಿಕೆಯಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಎಡಿಎಚ್‌ಡಿ ಇರುವವರ ಬದುಕಿನಲ್ಲಿ ಇದು ಎಷ್ಟೋ ಸಲ ಹೀಗೇ ನಡೆಯುತ್ತದೆ. ಹೊಸತರಲ್ಲಿ ಉತ್ಸಾಹ, ಕೆಲಸ ರೂಢಿಯಾಗುತ್ತಿದ್ದಂತೆ ಮಿದುಳಿಗೆ ಅದರಲ್ಲಿ ಸೆಳೆತ ಸಿಗದು, ಸಣ್ಣ ತಪ್ಪುಗಳು, ಬೈಗುಳ, ಬಿಡುವುದು. ಇವರ ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್ ಅಡ್ರಿನಲಿನ್ ಎಂಬ ರಾಸಾಯನಿಕಗಳ ವ್ಯವಹಾರ ಬೇರೆ ಥರ. ಮುಖ್ಯವಾದದ್ದು ಎಂಬ ಒಂದೇ ಕಾರಣಕ್ಕೆ ಗಮನ ಅಲ್ಲಿ ನಿಲ್ಲುವುದಿಲ್ಲ. ಆಸಕ್ತಿ, ಹೊಸತನ, ತುರ್ತು, ಎದುರಿಗೆ ಜನ, ಇವಿದ್ದರೆ ನಿಲ್ಲುತ್ತದೆ. ನಟನೆಯಲ್ಲಿ ನಾಲ್ಕೂ ಇವೆ. ಪ್ರತಿ ನಾಟಕ ಹೊಸತು, ಪ್ರಯೋಗದ ದಿನಾಂಕ ಗೊತ್ತಾಗಿರುತ್ತದೆ, ತಂಡ ಕಾಯುತ್ತಿರುತ್ತದೆ. ನೀವು 37ಕ್ಕೆ ನಿಮ್ಮ ಮಿದುಳಿಗೆ ಒಗ್ಗುವ ಕೆಲಸ ಕಂಡುಕೊಂಡಿದ್ದೀರಿ ಅಂತ ನಾನು ಓದಿಕೊಂಡೆ.

ತಡವಾಯಿತು ಅನ್ನುವ ಕೊರಗಿದ್ದರೆ ದತ್ತಣ್ಣನವರನ್ನು ನೆನೆಯಿರಿ. ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿ, ಸಿನಿಮಾಕ್ಕೆ ಬಂದದ್ದು ನಲವತ್ತೈದು ದಾಟಿದ ಮೇಲೆ. ಇದು ವಯಸ್ಸಿನ ಮಾತು ಅಷ್ಟೇ, ಕಾಯಿಲೆಯ ಮಾತಲ್ಲ. ಎಡಿಎಚ್‌ಡಿಯ ಮಾತಿಗೆ ಬಂದರೆ ಮಲಯಾಳಂ ನಟ ಫಹಾದ್ ಫಾಸಿಲ್ ತಮಗೆ ಅದಿರುವುದು 41ನೇ ವಯಸ್ಸಿನಲ್ಲಿ ಗೊತ್ತಾಯಿತೆಂದು 2024ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಆಲಿಯಾ ಭಟ್ ಕೂಡ ತಮಗೆ ಇದೆ ಎಂದರು, ಕ್ಯಾಮೆರಾ ಎದುರು ಮತ್ತು ಮಗಳ ಜೊತೆ ಇದ್ದಾಗ ಮನಸ್ಸು ನಿಲ್ಲುತ್ತದೆ ಎಂದೂ ಹೇಳಿದರು.

ಇಂಥ ಸುದ್ದಿ ಬಂದಮೇಲೆ "ಎಡಿಎಚ್‌ಡಿ ಅಂದರೆ ಒಂದು ವರ, ಅದಿದ್ದವರೇ ದೊಡ್ಡ ಕಲಾವಿದರು" ಅನ್ನುವ ಮಾತು ಹರಡಿದೆ. ಅದು ನನಗೆ ಒಪ್ಪಿಗೆಯಿಲ್ಲ. ಎಡಿಎಚ್‌ಡಿಯಿಂದ ಸೃಜನಶೀಲತೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಚಿಕಿತ್ಸೆ ಇಲ್ಲದ ಎಡಿಎಚ್‌ಡಿಯಿಂದ ರಸ್ತೆ ಅಪಘಾತ, ಸಾಲ, ಕುಡಿತ, ಖಿನ್ನತೆ, ಮುರಿದ ಸಂಸಾರ ಹೆಚ್ಚು ಎನ್ನುವುದಕ್ಕೆ ಮಾತ್ರ ಬೇಕಾದಷ್ಟು ಆಧಾರವಿದೆ. ನಿಮ್ಮ ಪ್ರತಿಭೆ ನಿಮ್ಮದು, ನಿಮ್ಮ ತಾಲೀಮಿನದು. ಅದನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯಬೇಡಿ.

ಈಗ ಮಾತ್ರೆಯ ವಿಷಯ. ನಟರು ನನ್ನ ಹತ್ತಿರ ಕೇಳುವ ಮೊದಲ ಪ್ರಶ್ನೆಯೂ ಇದೇ.

ಮುಖ್ಯವಾದ ಔಷಧಿ ಮಿಥೈಲ್‌ಫೆನಿಡೇಟ್. 1940ರ ದಶಕದಲ್ಲಿ ಕಂಡುಹಿಡಿದದ್ದು, ಹಳೆಯದು, ಚೆನ್ನಾಗಿ ಗೊತ್ತಿರುವಂಥದ್ದು. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಹತ್ತರಲ್ಲಿ ಆರೇಳು ಜನರಿಗೆ ಕಣ್ಣಿಗೆ ಕಾಣುವಷ್ಟು ಉಪಯೋಗವಾಗುತ್ತದೆ. ಸಾದಾ ಮಾತ್ರೆಯ ಪರಿಣಾಮ ಮೂರು ನಾಲ್ಕು ತಾಸು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯದು ಎಂಟರಿಂದ ಹನ್ನೆರಡು ತಾಸು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ತಲೆನೋವು, ಎದೆಬಡಿತ, ಬಿಪಿ ಸ್ವಲ್ಪ ಏರುವುದು ಇದರ ತೊಂದರೆಗಳು. ಹೃದಯದ ಕಾಯಿಲೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹಿಂದೆ ಯಾವಾಗಲಾದರೂ ಉನ್ಮಾದ ಅಥವಾ ಭ್ರಮೆಯ ತೊಂದರೆ ಆಗಿದ್ದರೆ ಮೊದಲೇ ಹೇಳಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಹೃದಯದಿಂದ ತೀರಿಕೊಂಡಿದ್ದರೆ ಅದನ್ನೂ ಹೇಳಬೇಕು.

ನಟನೆ ಹೋಗುತ್ತದಾ? ಪ್ರಮಾಣ ಸರಿಯಿದ್ದರೆ ಇಲ್ಲ. ಪ್ರಮಾಣ ಹೆಚ್ಚಾದರೆ ಕೆಲವರಿಗೆ ಮನಸ್ಸು ಸಪ್ಪೆಯಾದ ಹಾಗೆ, ಅಳು ನಗು ಎರಡೂ ದೂರ ಹೋದ ಹಾಗೆ ಅನ್ನಿಸುತ್ತದೆ. ನಟರಿಗೆ ಇದು ಬೇಗ ಗೊತ್ತಾಗುತ್ತದೆ, ಪಾತ್ರ ಮೈಗೆ ಹತ್ತುವುದಿಲ್ಲ ಅನ್ನುತ್ತಾರೆ. ಆಗ ಪ್ರಮಾಣ ಇಳಿಸಬೇಕು, ಇಲ್ಲವೇ ಬೇರೆ ಔಷಧಿ ನೋಡಬೇಕು. ಸಹಿಸಿಕೊಂಡು ಇರಬೇಕಾಗಿಲ್ಲ.

ನಿಮ್ಮಂಥವರಿಗೆ ನಿಜವಾದ ತೊಡಕು ಸಮಯದ್ದು. ಬೆಳಿಗ್ಗೆ ತೆಗೆದುಕೊಂಡ ಮಾತ್ರೆ ಸಂಜೆಗೆ ಇಳಿಯುತ್ತದೆ. ಇಳಿಯುವಾಗ ಕೆಲವರಿಗೆ ಸಿಡಿಮಿಡಿ, ಸುಸ್ತು. ಅದೇ ಹೊತ್ತಿಗೆ ಮಗನ ಹೋಮ್‌ವರ್ಕು, ಆಮೇಲೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ತಾಲೀಮು. ಸಂಜೆ ಇನ್ನೊಂದು ನುಂಗಿದರೆ ರಾತ್ರಿ ನಿದ್ದೆ ಇಲ್ಲ. ನಿದ್ದೆ ಇಲ್ಲದಿದ್ದರೆ ಮರುದಿನ ಎಡಿಎಚ್‌ಡಿ ಇನ್ನೂ ಜೋರು. ಹಾಗಾಗಿ ವೈದ್ಯರಿಗೆ "ಮರೆವು ಇದೆ" ಅಂತ ಮಾತ್ರ ಹೇಳಬೇಡಿ. ನಿಮ್ಮ ಒಂದು ವಾರದ ದಿನಚರಿ ಬರೆದು ಕೊಡಿ: ಎಷ್ಟಕ್ಕೆ ಏಳುತ್ತೀರಿ, ತಾಲೀಮು ಎಷ್ಟರಿಂದ ಎಷ್ಟು, ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗುವ ದಿನ ಯಾವುದು. ಆಫೀಸಿಗೆ ಹೋಗುವವರ ಲೆಕ್ಕದಲ್ಲಿ ಬರೆದ ಚೀಟಿ ನಿಮಗೆ ಹೊಂದುವುದಿಲ್ಲ. ಚಹಾ ಎಷ್ಟು ಸಲ ಕುಡಿಯುತ್ತೀರಿ ಎಂದೂ ಬರೆಯಿರಿ. ತಾಲೀಮಿನ ಚಹಾ ಮತ್ತು ಈ ಮಾತ್ರೆ ಸೇರಿದರೆ ಎದೆ ಹೊಡೆದುಕೊಳ್ಳುವುದು ಜಾಸ್ತಿ.

ಇನ್ನೊಂದು ಔಷಧಿ ಅಟೊಮಾಕ್ಸೆಟಿನ್. ಇದು ಮಿಥೈಲ್‌ಫೆನಿಡೇಟ್‌ನ ಹಾಗೆ ಉತ್ತೇಜಕ ಗುಂಪಿನದ್ದಲ್ಲ. ಇಡೀ ದಿನ ಒಂದೇ ಸಮನೆ ಇರುತ್ತದೆ, ಸಂಜೆ ಇಳಿಯುವ ತೊಂದರೆ ಇಲ್ಲ. ಆದರೆ ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಇದರಲ್ಲಿ ಸಾಮಾನ್ಯ. ವೇದಿಕೆಯ ಮೇಲೆ ಮಾತಾಡುವವರಿಗೆ ಬಾಯಿ ಒಣಗುವುದು ಸಣ್ಣ ವಿಷಯವಲ್ಲ, ಹೇಳಿಬಿಡಿ. ಇದನ್ನು ಪ್ರಯೋಗದ ದಿನ ಮಾತ್ರ ತೆಗೆದುಕೊಂಡರೆ ಏನೂ ಆಗದು, ದಿನಾ ತೆಗೆದುಕೊಳ್ಳಬೇಕು. ಶುರು ಮಾಡಿದ ಮೇಲೆ ಮನಸ್ಸು ತೀರಾ ಕುಸಿದರೆ ಅಥವಾ ಸಾಯುವ ಯೋಚನೆ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಯಾವ ಔಷಧಿಯನ್ನಾಗಲಿ ಪ್ರಯೋಗದ ದಿನ ಮೊದಲ ಸಲ ನುಂಗಬೇಡಿ.

ಚಟ ಹತ್ತುತ್ತದೆ ಎಂಬ ಭಯ ನಿಮ್ಮ ಮನೆಯವರಿಗೆ ಇರಬಹುದು. ವೈದ್ಯರು ಹೇಳಿದಷ್ಟೇ ತೆಗೆದುಕೊಂಡರೆ ಆ ಅಪಾಯ ಕಡಿಮೆ. ದುರ್ಬಳಕೆ ಸಾಧ್ಯ ಅನ್ನುವುದೂ ನಿಜ. ಅದಕ್ಕೇ ಮಿಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾನೂನಿನ ಹತೋಟಿಯಲ್ಲಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ, ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ. ಬೆಂಗಳೂರಿಗೆ ಹೋಗುವಾಗ ಮಾತ್ರೆಯ ಜೊತೆ ಚೀಟಿಯೂ ಬ್ಯಾಗಿನಲ್ಲಿರಲಿ. ಮಗನಿಗೂ ಇದೇ ಔಷಧಿ ಬರೆದಿರಬಹುದು. ದಯವಿಟ್ಟು ಅವನ ಮಾತ್ರೆಯನ್ನು ನೀವು ನುಂಗಿ ನೋಡಬೇಡಿ. ಇದನ್ನು ಬಹಳ ಜನ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಬಿಪಿ, ಹೃದಯ ಯಾರೂ ನೋಡಿಲ್ಲ.

ಮಾತ್ರೆ ಬೇಡವೇ ಬೇಡ ಅಂದರೆ? ಅದೂ ಒಂದು ದಾರಿ. ದೊಡ್ಡವರ ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ದಿನದ ಕೆಲಸ ಜೋಡಿಸುವುದು, ಮುಂದೂಡುವುದನ್ನು ತಡೆಯುವುದು, "ನಾನು ಅಪ್ರಯೋಜಕಿ" ಅನ್ನುವ ಯೋಚನೆಯ ಜೊತೆ ವ್ಯವಹರಿಸುವುದು ಇವನ್ನು ಕಲಿಸುತ್ತಾರೆ. ಮುಖ್ಯ ಲಕ್ಷಣಗಳ ಮೇಲೆ ಮಾತ್ರೆಯಷ್ಟು ಬೇಗ ಕೆಲಸ ಮಾಡದು. ಜೊತೆಗೆ ಪ್ರತಿ ವಾರ ನೆನಪಿಟ್ಟು ಹೋಗಬೇಕು, ಹೇಳಿದ್ದನ್ನು ಮನೆಯಲ್ಲಿ ಮಾಡಬೇಕು. ಮರೆವಿನವರಿಗೆ ಅದೇ ಕಷ್ಟ. ತೊಂದರೆ ಜಾಸ್ತಿ ಇದ್ದವರಿಗೆ ಎರಡೂ ಸೇರಿದರೆ ಒಳ್ಳೆಯದು ಅನ್ನುವುದು ನನ್ನ ಅನುಭವ.

ಇನ್ನು ಮನೆಯೊಳಗೆ. ರಂಗದ ಮೇಲೆ ನಿಮಗೆ ಸಿಗುವ ಪ್ರಾಂಪ್ಟರ್ ಮನೆಯಲ್ಲಿ ಸಿಗಬೇಕು. "ಇನ್ನು ಮುಂದೆ ಜಾಗ್ರತೆಯಾಗಿರ್ತೀನಿ" ಅನ್ನುವ ಮಾತಿನಿಂದ ಏನೂ ಆಗುವುದಿಲ್ಲ, ಅದನ್ನು ನೀವು ಸಾಕಷ್ಟು ಸಲ ಹೇಳಿ ನೋಡಿದ್ದೀರಿ. ಶಾಲೆಯ ವಿಷಯವನ್ನು ಮೊದಲು ಭದ್ರ ಮಾಡಿ, ಯಾಕೆಂದರೆ ಅದು ಮಗುವಿನ ಸುರಕ್ಷತೆ. ತಾಲೀಮು, ಶೂಟಿಂಗ್ ಇರುವ ದಿನ ಕರೆತರುವ ಕೆಲಸ ನಿಮ್ಮದಲ್ಲ, ಪತಿಯದ್ದೋ ಆಟೋದವರದ್ದೋ ಅಂತ ವಾರದ ಮೊದಲೇ ಗೊತ್ತಾಗಲಿ. ನಿಮ್ಮ ಸರದಿ ಇರುವ ದಿನ ಎರಡು ಅಲಾರಂ ಇರಲಿ, ಒಂದು ಕೂತಲ್ಲಿಂದ ಏಳುವುದಕ್ಕೆ, ಇನ್ನೊಂದು ಹೊರಡುವುದಕ್ಕೆ. ಶಾಲೆಯವರ ಹತ್ತಿರ ಎರಡನೆಯ ಫೋನ್ ನಂಬರ್ ಇರಲಿ, ಹದಿನೈದು ನಿಮಿಷ ತಡವಾದರೆ ಅವರೇ ಕರೆ ಮಾಡಲಿ. ನನ್ನ ಹತ್ತಿರ ಬರುವ ಒಬ್ಬ ನಟಿ ತಮ್ಮ ನಾಟಕದ ಪ್ರತಿಯಲ್ಲಿ ಕ್ಯೂ ಮಾತಿಗೆ, ಅಂದರೆ ತಮ್ಮ ಮಾತಿಗೆ ಮುಂಚೆ ಬರುವ ಮಾತಿಗೆ, ಕೆಂಪು ಗೆರೆ ಎಳೆಯುತ್ತಿದ್ದರು. ಈಗ ಮನೆಯಲ್ಲೂ ಹಾಗೇ ಮಾಡಿದ್ದಾರೆ. ಗ್ಯಾಸ್ ಕಟ್ಟೆಯ ಮೇಲೆ, ಕಣ್ಣಿನ ಮಟ್ಟಕ್ಕೆ ಕೆಂಪು ಅಕ್ಷರದ ಒಂದು ಚೀಟಿ: "ಹಾಲಿಟ್ಟರೆ ಟೈಮರ್ ಕಿಸೆಯಲ್ಲಿ." ಟೈಮರ್ ಕಟ್ಟೆಯ ಮೇಲೆ ಇರುವುದಿಲ್ಲ, ಅವರ ಜೊತೆ ಬೆಲ್ಟ್ ಹುಡುಕಲು ಹೋಗುತ್ತದೆ.

ಮಗನ ಚಿಕಿತ್ಸೆಯಲ್ಲಿ ಮಾತ್ರೆಯಷ್ಟೇ ಮುಖ್ಯವಾದದ್ದು ತಂದೆತಾಯಿಯ ತರಬೇತಿ. ಹೇಳಬೇಕಾದ್ದನ್ನು ಒಂದೊಂದಾಗಿ ಹೇಳಿ, ಮಾಡಿದ ಕೂಡಲೇ ಹೊಗಳಿ, ನಿಯಮ ದಿನಾ ಒಂದೇ ಥರ ಇರಲಿ ಅನ್ನುತ್ತಾರೆ. ತಾಯಿಗೇ ಎಡಿಎಚ್‌ಡಿ ಇದ್ದು ಅದಕ್ಕೆ ಚಿಕಿತ್ಸೆ ಇಲ್ಲದಿದ್ದರೆ ದಿನಾ ಒಂದೇ ಥರ ನಡೆಸುವುದು ಬಹಳ ಕಷ್ಟ, ಮಗುವಿಗೆ ತರಬೇತಿಯ ಫಲ ಪೂರ್ತಿ ಸಿಗುವುದಿಲ್ಲ. ನಿಮ್ಮದನ್ನು ನೋಡಿಕೊಂಡರೆ ಅವನಿಗೆ ಲಾಭ ಅಂದದ್ದು ಇದಕ್ಕೇ. ಸಿಟ್ಟಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಎಡಿಎಚ್‌ಡಿಯಲ್ಲಿ ಸಿಟ್ಟು ಥಟ್ಟನೆ ಏರುತ್ತದೆ, ಥಟ್ಟನೆ ಇಳಿಯುತ್ತದೆ. ಇಬ್ಬರಿಗೂ ಇದ್ದರೆ ಸಂಜೆ ಏಳು ಗಂಟೆ ಮನೆಯಲ್ಲಿ ಕಷ್ಟದ ಹೊತ್ತು. ಹೋಮ್‌ವರ್ಕನ್ನು ಆ ಹೊತ್ತಿಗೆ ಇಡಬೇಡಿ, ಸಾಧ್ಯವಾದರೆ ನೀವು ಕಲಿಸಲೂಬೇಡಿ, ಪತಿ ಅಥವಾ ಟ್ಯೂಷನ್ ಟೀಚರ್ ಕಲಿಸಲಿ. ಕೂಗಾಡಿದ್ದರೆ ಆಮೇಲೆ "ತಪ್ಪಾತು ಮಗಾ, ನನಗ ಸಿಟ್ಟು ಬಂದಿತ್ತು, ನಿಂದೇನೂ ತಪ್ಪಿಲ್ಲ" ಅಂತ ಹೇಳಿ. ಗೇಟಿನ ಹತ್ತಿರ ಕೂತಿದ್ದ ದಿನದ ಬಗ್ಗೆಯೂ ಅವನ ಜೊತೆ ಒಮ್ಮೆ ಮಾತಾಡಿ. "ನಿನ್ನ ಮರೆತಿರಲಿಲ್ಲ, ಹೊತ್ತು ಮರೆತಿದ್ದೆ, ಈಗ ಹಿಂಗಿಂಗ ವ್ಯವಸ್ಥಾ ಮಾಡೀನಿ" ಅಂದರೆ ಒಂಬತ್ತು ವರ್ಷದ ಹುಡುಗನಿಗೆ ಅರ್ಥವಾಗುತ್ತದೆ. ಅವನೂ ನೋಟ್‌ಬುಕ್ ಮರೆಯುವವನೇ ಅಲ್ವಾ?

ನಟನೆ ಬಿಡಬೇಕಾ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಿಡಬೇಡಿ. ಬಿಟ್ಟರೆ ಮರೆವು ಹೋಗುವುದಿಲ್ಲ, ಮನಸ್ಸಿಗೆ ಊರುಗೋಲಾಗಿದ್ದದ್ದು ಮಾತ್ರ ಹೋಗುತ್ತದೆ. ಆಮೇಲೆ ಖಿನ್ನತೆಗೆ ಚಿಕಿತ್ಸೆ ಕೊಡಬೇಕಾಗುತ್ತದೆ. ಆದರೆ ಬಂದ ಪಾತ್ರಕ್ಕೆಲ್ಲ ಹೂಂ ಅನ್ನುವುದನ್ನು ನಿಲ್ಲಿಸಿ. ಯಾರೇ ಕರೆದರೂ "ನಾಳೆ ಹೇಳ್ತೀನ್ರಿ" ಅನ್ನಿ, ಮನೆಯ ಕ್ಯಾಲೆಂಡರ್ ನೋಡಿ ಹೇಳಿ. ಮೊದಲ ಒಂದು ವರ್ಷ ಒಂದು ನಾಟಕ, ಒಂದು ಧಾರಾವಾಹಿ ಸಾಕು. ಧಾರಾವಾಹಿಯವರಿಗೆ ಕೇಳಿ, ಮರುದಿನದ ದೃಶ್ಯದ ಮಾತು ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಸಾಧ್ಯವೇ ಅಂತ. ಸಿಕ್ಕರೆ ನಡೆದಾಡುತ್ತಾ, ಜೋರಾಗಿ ಹೇಳಿಕೊಂಡು ಕಲಿಯಿರಿ, ಕೂತು ಓದಬೇಡಿ. ನಟನೆಯ ದುಡ್ಡು ಒಮ್ಮೆ ಬರುತ್ತದೆ, ಮೂರು ತಿಂಗಳು ಬರುವುದಿಲ್ಲ. ಆನ್‌ಲೈನ್ ಖರೀದಿಯ ಚಪಲ ಇದ್ದರೆ ಆ ಖಾತೆಯ ಕಾರ್ಡು ಫೋನಿನಲ್ಲಿ ಇರದಿರಲಿ.

ತಂಡಕ್ಕೆ ಎಡಿಎಚ್‌ಡಿ ಅಂತ ಹೇಳಬೇಕಾ ಬೇಡವಾ ಎನ್ನುವುದು ನಿಮ್ಮ ಇಷ್ಟ. ರೋಗದ ಹೆಸರು ಹೇಳದೆಯೂ "ಸಮಯ ಬದಲಾದರೆ ಮೆಸೇಜ್ ಬೇಡ, ಕರೆ ಮಾಡಿ" ಅಂತ ಕೇಳಬಹುದು.

ತೋರಿಸುವುದು ಎಲ್ಲಿ? ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಒಂದೇ ಕಡೆ ಸಿಗುತ್ತಾರೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಮ ಹಾಗೇ ಕಷ್ಟಪಡುತ್ತಿರುವ ಗದಗ, ಹಾವೇರಿಯ ಓದುಗರು ತಮ್ಮ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಲಿ. ರಕ್ತ ಪರೀಕ್ಷೆ, ಸ್ಕ್ಯಾನ್, ಬ್ರೇನ್ ಮ್ಯಾಪಿಂಗ್ ಯಾವುದರಿಂದಲೂ ಎಡಿಎಚ್‌ಡಿ ಇದೆ ಅಂತ ಹೇಳಲಾಗದು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಮಾಡಿಸುವುದು ಬೇರೆ ಕಾರಣ ಇಲ್ಲವೆಂದು ತಿಳಿಯಲು. ಸಾವಿರಾರು ರೂಪಾಯಿಯ ಮ್ಯಾಪಿಂಗ್ ಪ್ಯಾಕೇಜ್ ಹೇಳಿದರೆ ಬೇಡ ಅನ್ನಿ. ಆನ್‌ಲೈನಿನಲ್ಲಿ ಸಿಗುವ ಪ್ರಶ್ನಾವಳಿ ತುಂಬಿಕೊಂಡು ಹೋಗಬಹುದು, ಆದರೆ ಅದರ ಅಂಕವೇ ತೀರ್ಪಲ್ಲ.

ಹೋಗುವಾಗ ತವರಿನಿಂದ ಹಳೆಯ ಮಾರ್ಕ್ಸ್ ಕಾರ್ಡ್ ತರಿಸಿಕೊಳ್ಳಿ. "ಬುದ್ಧಿವಂತೆ, ಆದರೆ ಗಮನವಿಲ್ಲ" ಅಂತ ಮಾಸ್ತರರು ಬರೆದ ಒಂದು ಸಾಲು ನಮಗೆ ಬಹಳ ಉಪಯೋಗ. ತಾಯಿ ಅಥವಾ ಅಣ್ಣ, ಅಕ್ಕ ಯಾರಾದರೂ ಜೊತೆಗೆ ಬರಲಿ, ಇಲ್ಲವೇ ಫೋನಿನಲ್ಲಿ ಸಿಗಲಿ. ಪತಿಯನ್ನು ಕರೆದುಕೊಂಡೇ ಹೋಗಿ. ಅತ್ತೆಯವರು ಬರಲು ಒಪ್ಪಿದರೆ ಅವರನ್ನೂ ಕರೆದೊಯ್ಯಿರಿ, ಅವರ ಪ್ರಶ್ನೆಯನ್ನು ಅವರೇ ಕೇಳಲಿ. ಮೊದಲ ಭೇಟಿಯಲ್ಲೇ ಎಲ್ಲ ಮುಗಿಯುವುದಿಲ್ಲ, ಎರಡು ಮೂರು ಸಲ ಹೋಗಬೇಕಾದೀತು. ಅಷ್ಟರೊಳಗೆ ಮನಸ್ಸು ತೀರಾ ಕುಸಿದು ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.